ಒಂದು ಸೆಂಟಿಮೀಟರಿಗಾಗಿ ತೈವಾನಿನಿಂದ ಪಾರ್ಸಲ್

ಸೈಕಲ್ ಮಾಡುವವರ ಲೆಕ್ಕದಲ್ಲಿ ನಾಲ್ಕು ಅಡಿ ಹತ್ತು ಇಂಚಿನ ಹುಡುಗಿ ಇರುವುದೇ ಇಲ್ಲ ಅಂತ ಕಾಣುತ್ತೆ. ಮಕ್ಕಳ ಸೈಕಲ್ ಇದೆ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ ಇದೆ. ಆದರೆ ಆ ಎತ್ತರದ ಹುಡುಗಿ ರೇಸ್ ಓಡಿಸ್ತೀನಿ ಅಂದರೆ ಅಂಗಡಿಯವರು ತೋರಿಸುವುದು ಐದೂವರೆ ಅಡಿ ಗಂಡಸಿಗೆ ಮಾಡಿದ ಸೈಕಲನ್ನೇ. "ಸೀಟ್ ಇಳಿಸಿ ಕೊಡ್ತೀವಿ, ತಗೊಂಡ್ ಹೋಗ್ರೀ" ಅಂತಾರೆ. ಸೀಟೇನೋ ಇಳಿಯುತ್ತೆ. ಉಳಿದದ್ದು ಯಾವುದೂ ಇಳಿಯೋದಿಲ್ಲ.

ಇದು ನನಗೆ ಗೊತ್ತಾದದ್ದು ಅಕ್ಕನ ಮಗಳಿಂದ. ಅಕ್ಕನ ಮನೆ ಮೂಡಲಗಿ ಹತ್ತಿರದ ಹಳ್ಳಿ. ಭಾವನದು ಕಬ್ಬಿನ ಹೊಲ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಗೋಕಾಕದ ಮನೆಯಿಂದಲೇ ಕೆಲಸ ಮಾಡುವವನು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಸೈಕಲ್ ರೇಸ್ ಹೊಸದೇನಲ್ಲ. ಜಾತ್ರೆಯಲ್ಲಿ ಸೈಕಲ್ ಶರ್ಯತ್ತು ಇಡುತ್ತಾರೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಅಂದರೆ ಸೈಕಲ್ ಹುಡುಗರ ಕಿವಿ ನೆಟ್ಟಗಾಗುತ್ತವೆ. ಹದಿಮೂರರ ಈ ಹುಡುಗಿಗೂ ಅದೇ ಹುಚ್ಚು. ಕೆನಾಲ್ ದಂಡೆಯ ರಸ್ತೆಯಲ್ಲಿ, ಊರಿನ ಹುಡುಗನೊಬ್ಬ ಬಿಟ್ಟುಕೊಟ್ಟ ಹಳೇ ರೇಸ್ ಸೈಕಲ್ ಮೇಲೆ ದಿನಾ ಬೆಳಿಗ್ಗೆ ಪ್ರಾಕ್ಟೀಸ್.

2024ರ ದಸರೆಗೆ ಹೋದಾಗ ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. "ಮಾಮಾ, ಮೊಳಕಾಲ ನೋಯಾಕತ್ತೈತಿ. ಅಪ್ಪಗ ಹೇಳಬ್ಯಾಡ" ಅಂದಳು. ಹೇಳಿದರೆ ಸೈಕಲ್ ಬಂದ್ ಆಗುತ್ತೆ ಅನ್ನೋ ಭಯ. ಡಾಕ್ಟರಿಗೆ ತೋರಿಸಿದೆವು. ಮೂಳೆಗೆ ಏನೂ ಆಗಿಲ್ಲ, ಸೈಕಲ್ ಮೈಗೆ ಹೊಂದುತ್ತಿಲ್ಲ, ಹೀಗೇ ಓಡಿಸಿದರೆ ಮುಂದೆ ತೊಂದರೆ ಅಂದರು. ವಸತಿ ನಿಲಯದ ಆಯ್ಕೆಗೆ ಕೆಲವೇ ತಿಂಗಳಿತ್ತು. ಭಾವ ಒಂದೇ ಮಾತು ಹೇಳಿದ: "ಮೈಗೆ ಹೊಂದೂ ಸೈಕಲ್ ಸಿಕ್ರ ಓಡಸಲಿ. ಇಲ್ಲಾಂದ್ರ ಸಾಕು."

ಸೈಕಲ್ ಅಳೆಯಲು ಕೂತೆ. ಪೆಡಲ್ ಹಿಡಿದಿರುವ ಕಬ್ಬಿಣದ ಕಾಲಿದೆಯಲ್ಲ, ಅದಕ್ಕೆ ಕ್ರ್ಯಾಂಕ್ ಅಂತಾರೆ. ಅವಳ ಸೈಕಲ್ಲಿನದು 170 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ ಅಳತೆ. ಅವಳ ಕಾಲಿಗೆ 160 ಬೇಕಿತ್ತು. ಒಂದು ಸೆಂಟಿಮೀಟರಿನಿಂದ ಏನಾಗುತ್ತೆ ಅಂತ ನಿಮಗೂ ಅನ್ನಿಸಬಹುದು. ಲೆಕ್ಕ ಹೀಗಿದೆ: ಕ್ರ್ಯಾಂಕ್ 10 ಮಿಲಿಮೀಟರ್ ಗಿಡ್ಡವಾದರೆ ಪೆಡಲ್ ಕೆಳಗೆ ಹೋದಾಗ ಅಷ್ಟೇ ಮೇಲೆ ನಿಲ್ಲುತ್ತೆ, ಹಾಗಾಗಿ ಸೀಟನ್ನು 10 ಮಿಲಿಮೀಟರ್ ಏರಿಸಬಹುದು. ಪೆಡಲ್ ಮೇಲೆ ಬಂದಾಗ ಅದು ಮೊದಲಿಗಿಂತ 10 ಮಿಲಿಮೀಟರ್ ಕೆಳಗೆ, ಸೀಟು 10 ಮಿಲಿಮೀಟರ್ ಮೇಲೆ. ಎರಡೂ ಸೇರಿ ಮೊಣಕಾಲಿಗೆ 20 ಮಿಲಿಮೀಟರ್ ಜಾಗ ಸಿಗುತ್ತೆ. ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಮಡಿಚುವ ಮೊಣಕಾಲಿಗೆ ಅದು ದೊಡ್ಡ ಜಾಗ.

ಹೊಸ ರೇಸ್ ಸೈಕಲ್ ತರೋಣ ಅಂದರೆ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ತಂದರೂ ಕ್ರ್ಯಾಂಕ್ ಅದೇ 170. ಹಾಗಾಗಿ ನಾವೇ ಕಟ್ಟೋದು ಅಂತ ತೀರ್ಮಾನವಾಯಿತು. ಮಿತಿ 40 ಸಾವಿರ. ಬೆಂಗಳೂರಿನ ಸಹೋದ್ಯೋಗಿಯೊಬ್ಬರ ಮಗಳು ಬೆಳೆದು ದೊಡ್ಡವಳಾಗಿ ಬಿಟ್ಟಿದ್ದ ಸಣ್ಣ ಸೈಜಿನ ಅಲ್ಯುಮಿನಿಯಂ ಫ್ರೇಮ್, ಫೋರ್ಕ್ ಸಮೇತ ಎಂಟೂವರೆ ಸಾವಿರಕ್ಕೆ ಸಿಕ್ಕಿತು.

ಆಮೇಲೆ ಹಾಳೆಯಲ್ಲಿ ಮೂರು ಪಟ್ಟಿ ಮಾಡಿದೆ. ಗೋಕಾಕದಲ್ಲೇ ಸಿಗುವುದು, ದೇಶದ ಒಳಗೆ ಸಿಗುವುದು, ಹೊರಗಿನಿಂದಲೇ ತರಬೇಕಾದದ್ದು. ಬಿಡಿಭಾಗ ಹುಡುಕುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಹಾಳೆಯ ಬಗ್ಗೆಯೇ. ಮೊಬೈಲ್ ಹಿಡಿದು ಕೂತರೆ ಎಲ್ಲವೂ ವಿದೇಶದಲ್ಲಿ ಚಂದ ಕಾಣುತ್ತೆ, ಎಲ್ಲವೂ ಬೇಕು ಅನಿಸುತ್ತೆ. ಹಾಳೆಯ ಮೇಲೆ ಬರೆದಾಗ ನನ್ನ ಮೂರನೇ ಪಟ್ಟಿಯಲ್ಲಿ ಉಳಿದದ್ದು ಎರಡೇ: 160ರ ಕ್ರ್ಯಾಂಕ್, ಮತ್ತು ಅವಳ ಭುಜದಷ್ಟೇ ಅಗಲದ 36 ಸೆಂಟಿಮೀಟರ್ ಹ್ಯಾಂಡಲ್. ಬ್ರೇಕು, ಚೈನು, ಕೇಬಲ್, ಟೈರು, ಕಡ್ಡಿ ಎಲ್ಲ ಇಲ್ಲೇ ಇದ್ದವು. ಗೇರು ಶಿಮಾನೋದ ಕ್ಲಾರಿಸ್, ಹಿಂದೆ 8 ಹಲ್ಲುಚಕ್ರದ್ದು. ಜಪಾನಿನ ಕಂಪನಿಯಾದರೂ ಅದು ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತೆ. 11, 12 ಗೇರಿನದಕ್ಕಿಂತ ಇದರ ಚೈನು ಅಗ್ಗ, ಸಣ್ಣ ಊರಲ್ಲೂ ಸಿಗುತ್ತೆ. ಹಳ್ಳಿಯಲ್ಲಿ ಓಡುವ ಸೈಕಲ್ಲಿಗೆ ಇದು ಮುಖ್ಯ. ಚೈನ್ ಹರಿದ ದಿನ ಪ್ರಾಕ್ಟೀಸ್ ನಿಲ್ಲಬಾರದು.

ವಿದೇಶದಿಂದ ತರಿಸುವ ದಾರಿಗಳು ಈಗ ಮೊದಲಿನಷ್ಟು ಇಲ್ಲ. ಚೀನಾದ ಅಲಿಎಕ್ಸ್‌ಪ್ರೆಸ್ ಆ್ಯಪನ್ನು 2020ರ ನವೆಂಬರಿನಲ್ಲಿ ಸರಕಾರ ನಿಷೇಧಿಸಿತು. ನಮ್ಮ ದೇಶದ ಸೈಕಲ್ ಪ್ರೇಮಿಗಳು ತರಿಸುತ್ತಿದ್ದ ಬ್ರಿಟನ್ನಿನ ವಿಗಲ್ ಮತ್ತು ಚೈನ್ ರಿಯಾಕ್ಷನ್ 2023ರಲ್ಲಿ ದಿವಾಳಿಯಾಗಿ ಬೇರೆಯವರ ಪಾಲಾದವು. ಉಳಿದದ್ದು ತೈವಾನ್, ಜಪಾನಿನ ಸಣ್ಣ ಮಾರಾಟಗಾರರು. ಇವರ ಹತ್ತಿರ ಬೆಲೆ ನೋಡಿ ಹಿಗ್ಗುವ ಮೊದಲು ಒಂದು ಲೆಕ್ಕ ಮಾಡಬೇಕು.

ಸುಂಕ ಬರೀ ವಸ್ತುವಿನ ಬೆಲೆಯ ಮೇಲೆ ಬೀಳುವುದಿಲ್ಲ. ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಬೀಳುತ್ತೆ. ಆ ಸುಂಕದ ಮೇಲೆ 10 ಪ್ರತಿಶತ ಸಮಾಜ ಕಲ್ಯಾಣ ಸರ್‌ಚಾರ್ಜ್. ಇದೆಲ್ಲ ಸೇರಿದ ಮೇಲೆ ಅದರ ಮೇಲೆ ಜಿಎಸ್‌ಟಿ. ದರಗಳು ಬಜೆಟ್ ಬಂದಾಗ ಬದಲಾಗುತ್ತಿರುತ್ತವೆ, ತರಿಸುವ ದಿನದ ದರವನ್ನೇ ನೋಡಬೇಕು. ಲೆಕ್ಕದ ಕ್ರಮ ಮಾತ್ರ ಇದೇ. ಉದಾಹರಣೆಗೆ ಸಾಗಣೆ ಸೇರಿ 10,000 ರೂಪಾಯಿ ಆಯ್ತು ಅನ್ನಿ. ಸುಂಕ 20 ಪ್ರತಿಶತ, ಜಿಎಸ್‌ಟಿ 18 ಅಂತ ಹಿಡಿಯೋಣ. ಸುಂಕ 2,000, ಸರ್‌ಚಾರ್ಜ್ 200, ಒಟ್ಟು 12,200. ಅದರ 18 ಪ್ರತಿಶತ ಅಂದರೆ 2,196. ಬಾಗಿಲಿಗೆ ಬಂದಾಗ 14,396. ಕೊರಿಯರಿನವರು ತಮ್ಮ ಶುಲ್ಕ ಬೇರೆ ಸೇರಿಸುತ್ತಾರೆ, ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ. ಅಂಚೆಯಲ್ಲಿ ಬಂದರೆ ಸುಂಕವನ್ನು ಪೋಸ್ಟಿನವರ ಕೈಗೇ ಕೊಟ್ಟು ಪಾರ್ಸಲ್ ಪಡೆಯಬೇಕು. "ಗಿಫ್ಟ್ ಅಂತ ಬರೆದು ಕಳಿಸ್ರಿ" ಅನ್ನುವ ಹಳೇ ಉಪಾಯ ಈಗ ನಡೆಯೋದಿಲ್ಲ. ಅಂಚೆ, ಕೊರಿಯರಿನಲ್ಲಿ ಸುಂಕ ಕಟ್ಟದೆ ಉಡುಗೊರೆ ತರಿಸುವುದಕ್ಕೆ 2019ರ ಡಿಸೆಂಬರಿನಲ್ಲೇ ತಡೆ ಬಿದ್ದಿದೆ. ರಾಖಿ, ಜೀವರಕ್ಷಕ ಔಷಧಿಗೆ ಮಾತ್ರ ವಿನಾಯ್ತಿ.

ಮೊದಲ ಮಾರಾಟಗಾರ 160 ಅಂತ ಹೇಳಿ 170 ಕಳಿಸಿದ. ಡಬ್ಬಿಯ ಮೇಲೆ 160 ಅಂತಲೇ ಚೀಟಿ. ನಾನು ಪೆಡಲ್ ರಂಧ್ರದ ನಡುವಿನಿಂದ ಇನ್ನೊಂದು ತುದಿಯ ರಂಧ್ರದ ನಡುವಿಗೆ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿದೆ. ಹಣ ವಾಪಸ್ ಬರಲು ಮೂರು ವಾರ. ಕಟ್ಟಿದ ಸುಂಕ ವಾಪಸ್ ಬರಲಿಲ್ಲ. ಡಿಸೆಂಬರ್ ಕಳೆಯಿತು. ಹುಡುಗಿ ದಿನಾ ಮೆಸೇಜ್ ಹಾಕುವಳು: "ಮಾಮಾ, ಬಂತೇನು?" ಎರಡನೇ ಸಲ ತೈವಾನಿನ ಬೇರೆಯವರಿಗೆ ದುಡ್ಡು ಕಟ್ಟುವ ಮೊದಲೇ ಅಳತೆಪಟ್ಟಿ ಇಟ್ಟ ಫೋಟೋ ಕೇಳಿದೆ. ಬೇಸರವಿಲ್ಲದೆ ಕಳಿಸಿದರು. ಒಳ್ಳೆಯ ಮಾರಾಟಗಾರರನ್ನು ಗುರುತಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಗೊತ್ತಿಲ್ಲ.

ಹ್ಯಾಂಡಲ್ ಬಂದದ್ದು ಗೆಳೆಯನ ಬ್ಯಾಗಿನಲ್ಲಿ. ಹುಕ್ಕೇರಿಯವನು, ಜರ್ಮನಿಯಲ್ಲಿ ಕೆಲಸ, ಸಂಕ್ರಾಂತಿಗೆ ಊರಿಗೆ ಬರುವವನಿದ್ದ. ಪ್ರಯಾಣಿಕರ ಸಾಮಾನಿಗೆ ಬೇರೆ ನಿಯಮ, ಅದಕ್ಕೂ ಮಿತಿ ಇದೆ. ಬಿಲ್ ಜೊತೆಗೆ ಇಟ್ಟುಕೊಂಡು ಬಾ ಅಂದಿದ್ದೆ. ಹ್ಯಾಂಡಲ್ ಬ್ರಾಂಡಿನದೇ, ಅಲ್ಯುಮಿನಿಯಮ್ಮಿನದೇ ಇರಲಿ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಹೆಸರಿಲ್ಲದ ಕಾರ್ಬನ್ ಹ್ಯಾಂಡಲ್, ಫೋರ್ಕ್‌ಗಳು ಎಷ್ಟೇ ಅಗ್ಗಕ್ಕೆ ಸಿಗಲಿ, ಮುರಿದರೆ ಮುಖಕ್ಕೇ ಬರುವ ಭಾಗದಲ್ಲಿ ಉಳಿತಾಯ ಮಾಡಬಾರದು. ತೂಕದ ಚಿಂತೆಯೂ ಬೇಡ. ದೊಡ್ಡ ರೋಡ್ ರೇಸ್‌ಗಳಲ್ಲೇ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು ಅಂತ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮವಿದೆ. ನಮ್ಮದು 10 ಕಿಲೋ ಆದರೂ ನಡೆಯುತ್ತೆ.

ಹ್ಯಾಂಡಲ್ ತರಲು ಹುಕ್ಕೇರಿಗೆ ಹೋದ ದಿನವೇ ಇನ್ನೊಂದು ಕೆಲಸವೂ ಆಯಿತು. ಫ್ರೇಮಿನ ಸೀಟ್ ಪೈಪಿನ ಒಳ ಅಳತೆ 31.6, ನನ್ನ ಹತ್ತಿರ ಇದ್ದ ಸೀಟ್ ಕಂಬ 27.2 ಮಿಲಿಮೀಟರ್. ನಡುವೆ 2.2 ಮಿಲಿಮೀಟರ್ ದಪ್ಪದ ಬುಶ್ ಬೇಕು. ಹೊರಗಿನಿಂದ ತರಿಸಿದರೆ ಬುಶ್ಶಿಗಿಂತ ಸಾಗಣೆಯೇ ಹೆಚ್ಚು. ಗೆಳೆಯ ತಮ್ಮ ಊರಿನ ಲೇತ್ ಅಂಗಡಿಗೆ ಕರೆದೊಯ್ದ. ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು ಮಾಡುವ ಜಾಗ. ಮಿಸ್ತ್ರಿ ಸೀಟ್ ಕಂಬವನ್ನು ತಾವೇ ವರ್ನಿಯರ್‌ನಿಂದ ಅಳೆದು ನಕ್ಕರು: "ಅಳತಿ ಬರೋಬ್ಬರಿ ಐತ್ರಿ. ಆದ್ರ ಇಷ್ಟಕ್ಕ ಇಷ್ಟ ಮಾಡಿದ್ರ ಒಳಗ ಹೋಗೂದಿಲ್ರೀ, ಕೂದಲೆಳಿ ಸಡ್ಲ ಬಿಡಬೇಕು." ಅರ್ಧ ಗಂಟೆಯಲ್ಲಿ ಬುಶ್ ಕೈಯಲ್ಲಿತ್ತು. ಇನ್ನೂರು ರೂಪಾಯಿ, ಜೊತೆಗೆ ಒಂದು ಚಹಾ.

ಎಲ್ಲ ಕೂಡಿಸಿದ್ದು ಗೋಕಾಕದಲ್ಲಿ, ನಮ್ಮಪ್ಪ ಗಿರಣಿ ಕೆಲಸಕ್ಕೆ ಹೋಗುವ ಕಾಲದಿಂದ ಇರುವ ಸೈಕಲ್ ಅಂಗಡಿಯಲ್ಲಿ. ಅಂಗಡಿಯ ಕಾಕಾ ರೇಸ್ ಸೈಕಲ್ ಕಟ್ಟಿದವರಲ್ಲ. ಕ್ರ್ಯಾಂಕ್ ಕೂರುವ ಬೇರಿಂಗ್ ಹಾಕುವಾಗ ಬಲಗಡೆ ಉಲ್ಟಾ ತಿರುಗಿಸಬೇಕು ಅಂತ ನಾನು ಮೊಬೈಲಿನಲ್ಲಿ ಓದಿ ಹೇಳುವಷ್ಟರಲ್ಲಿ ಅವರ ಕೈ ಉಲ್ಟಾ ತಿರುಗಿಸುತ್ತಿತ್ತು. "ಅಟ್ಲಾಸಿಗೂ ಬಲಗಡೆ ಉಲ್ಟಾನ ಇರತೈತಿ ತಮ್ಮಾ. ಇದೇನ್ ಹೊಸಾದಲ್ಲ" ಅಂದರು. ಎರಡೂ ಚಕ್ರಕ್ಕೆ ಕಡ್ಡಿ ಕಟ್ಟಿ ಔಟ್ ತೆಗೆದದ್ದೂ ಅವರೇ. ನಾನು ನಂಬಿಕೊಂಡಿದ್ದು ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಬರೆದಿಟ್ಟ ಅಳತೆಯ ಕೋಷ್ಟಕಗಳನ್ನು. ಅವರು 2008ರಲ್ಲಿ ತೀರಿಕೊಂಡರು, ಕೋಷ್ಟಕಗಳನ್ನು ಲೋಕದ ಸೈಕಲ್ ಮಂದಿ ಇವತ್ತಿಗೂ ನೋಡುತ್ತಾರೆ. ಕಾಕಾನ ಕೋಷ್ಟಕ ಅವರ ಬೆರಳಲ್ಲೇ ಇತ್ತು.

ಕೊನೆಗೆ ಖರ್ಚು 37 ಸಾವಿರದ ಹತ್ತಿರ. ಅದರಲ್ಲಿ ಕ್ರ್ಯಾಂಕ್ ಒಂದಕ್ಕೇ ಸುಂಕ, ಸಾಗಣೆ ಸೇರಿ 9,400. ಭಾವನಿಗೆ ಬಿಲ್ ತೋರಿಸಿದಾಗ ಬಹಳ ಹೊತ್ತು ನೋಡಿದ. "ಏನಪಾ, ಪೆಡ್ಲಿನ ಕಾಲಿಗೆ ಒಂಬತ್ತು ಸಾವಿರ? ಒಂದ್ ಕುರಿ ಬರತಿತ್ತು." ನಾನೇನೂ ಹೇಳಲಿಲ್ಲ. ಹುಡುಗಿ ಸೈಕಲ್ ಹತ್ತಿ ಕೆನಾಲ್ ಮೇಲೆ ಹೋಗಿ ಒಂದು ಗಂಟೆ ಬಿಟ್ಟು ಬಂದಳು. ಇಳಿದಳು, ಮನೆಯ ಮೆಟ್ಟಿಲು ಹತ್ತಿದಳು, ನೀರು ಕುಡಿದು ಮತ್ತೆ ಇಳಿದಳು. ಗೋಡೆ ಹಿಡಿಯಲಿಲ್ಲ. ಭಾವ ಅದನ್ನು ನೋಡಿದ್ದ. ಬಿಲ್ ಮಡಿಚಿ ಕಿಸೆಯಲ್ಲಿಟ್ಟುಕೊಂಡ.

ಆ ವರ್ಷ ಅವಳ ಆಯ್ಕೆ ಆಗಲಿಲ್ಲ. ಅವಳಿಗಿಂತ ವೇಗದ ಹುಡುಗಿಯರು ಬಂದಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳುತ್ತಾಳೇನೋ ಅಂದುಕೊಂಡಿದ್ದೆ. "ಈ ಸಲ ನಾನ ಸೋತೆ ಮಾಮಾ. ಕಾಲ್ ಛಲೋ ಇತ್ತು" ಅಂದಳು. ನೋವಿನಿಂದ ಹಿಂದೆ ಬೀಳುವುದಕ್ಕೂ ಪೂರ್ತಿ ಓಡಿಸಿ ಹಿಂದೆ ಬೀಳುವುದಕ್ಕೂ ವ್ಯತ್ಯಾಸ ಇದೆ ಅಂತ ಅವಳಿಗೆ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಈಗಲೂ ದಿನಾ ಓಡಿಸುತ್ತಾಳೆ. ಕತ್ತಲಿದ್ದಾಗ ಹಿಂದೆ ಭಾವನ ಬೈಕಿನ ಲೈಟ್ ಇರುತ್ತೆ.

ನೀವೂ ಸೈಕಲ್ ಕಟ್ಟುವ ಯೋಚನೆಯಲ್ಲಿದ್ದರೆ ಇಷ್ಟು ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದಿದೆ. ಇಲ್ಲಿ ಕೊಳ್ಳುವುದು ಇನ್ನಷ್ಟು ಲಾಭ. ಮೊದಲು ಓಡಿಸುವವರ ಮೈ ಅಳೆಯಿರಿ, ಆಮೇಲೆ ಫ್ರೇಮ್, ಆಮೇಲೆ ಬೆಲೆ. ಮೈ ಕೇಳಿದ್ದು, ಇಲ್ಲಿ ಎಲ್ಲೂ ಸಿಗದ್ದು, ಅಂಥದಕ್ಕೆ ಮಾತ್ರ ಹೊರಗಿನ ದುಡ್ಡು ಹಾಕಿ. ಉಳಿದದ್ದಕ್ಕೆ ನಿಮ್ಮೂರ ಸೈಕಲ್ ಅಂಗಡಿಯವರನ್ನು, ಲೇತ್ ಅಂಗಡಿಯವರನ್ನು ಒಮ್ಮೆ ಮಾತಾಡಿಸಿ.

ಮೊನ್ನೆ ಭಾವನ ಫೋನ್ ಬಂತು. ಕಬ್ಬಿನ ಬಿಲ್ಲಿನ ವಿಷಯ ಇರಬೇಕು ಅಂತ ಎತ್ತಿದೆ. "ಆ ಪೆಡ್ಲಿನ ಕಾಲು ನಡುವಿನಿಂದ ನಡುವಿಗೆ ಅಳೀಬೇಕಲ್ಲೇನಪಾ? ಇಲ್ಲೊಬ್ಬರ ಮಗಳು ಸೈಕಲ್ ಹೊಡೀತಾಳ, ಇದಕ್ಕಿಂತ ಗಿಡ್ಡ ಅದಾಳ. ಆ ತೈವಾನದವರ ನಂಬರ್ ಇಟ್ಟೀ ಇಲ್ಲೋ?"