ಹತ್ತುವುದಕ್ಕಿಂತ ಇಳಿಯುವುದೇ ಪರೀಕ್ಷೆ

ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್. ಪೂರ್ವದಿಂದ ನೂರಾರು ಮೈಲಿ ಹರಡಿಕೊಂಡು ಬಂದ ಬಯಲು ಈ ಊರಿನ ಬಳಿ ಮುಗಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದರೆ ರಾಕಿ ಪರ್ವತಗಳು ಗೋಡೆಯಂತೆ ಎದ್ದು ನಿಂತಿವೆ. ಸಮುದ್ರಮಟ್ಟದಿಂದ ಒಂದು ಮೈಲಿ, ಅಂದರೆ 1,609 ಮೀಟರ್ ಮೇಲಿರುವುದರಿಂದ ಡೆನ್ವರಿಗೆ ‘ಮೈಲಿ ಎತ್ತರದ ನಗರ’ ಎಂಬ ಅಡ್ಡಹೆಸರಿದೆ. ಬೇಸಿಗೆ ರಜೆ ಬಂತೆಂದರೆ ಇಲ್ಲಿಂದ ಪಶ್ಚಿಮಕ್ಕೆ ಹೊರಡುವ ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಒಂದು ಮೆರವಣಿಗೆಯೇ ಕಾಣುತ್ತದೆ. ಮುಂದೆ ಪಿಕಪ್ ಟ್ರಕ್, ಅದರ ಹಿಂದೆ ಗಾಲಿಗಳ ಮೇಲೊಂದು ಪುಟ್ಟ ಮನೆ.

ಈ ಮನೆಯೇ ಕ್ಯಾಂಪರ್. ಹಾಸಿಗೆ, ಒಲೆ, ನೀರಿನ ತೊಟ್ಟಿ, ಕೆಲವದರಲ್ಲಿ ಬಚ್ಚಲು ಕೂಡ ಅದರೊಳಗೇ ಇರುತ್ತವೆ. ಎಳೆಯುವ ಟ್ರಕ್ಕುಗಳೆಲ್ಲ ಹೊಸವೇನಲ್ಲ. ಹೊಸದರ ಬೆಲೆ ಕೇಳಿ ಹಿಂಜರಿದ ಸಂಸಾರಗಳು ಇಪ್ಪತ್ತು, ಇಪ್ಪತ್ತೈದು ವರ್ಷ ಓಡಿದ ಗಾಡಿಯನ್ನೇ ಸಜ್ಜುಗೊಳಿಸಿ ಹೊರಡುತ್ತವೆ. ಡೆನ್ವರಿನಿಂದ ಸುಮಾರು 60 ಮೈಲಿ ದೂರದಲ್ಲಿ ಐಸೆನ್‌ಹೋವರ್ ಸುರಂಗವಿದೆ. ಅದರ ಎತ್ತರ ಸುಮಾರು 3,400 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ನೆನೆದರೆ ಈ ರಸ್ತೆಯ ಏರು ಎಂಥದ್ದೆಂದು ಊಹಿಸಬಹುದು. ಹಳೆಯ ಗಾಡಿ ಇಷ್ಟು ಎತ್ತರ ಹತ್ತೀತೆ ಎಂಬುದು ಎಲ್ಲರ ಚಿಂತೆ. ಆದರೆ ಹೆಚ್ಚು ಚಿಂತಿಸಬೇಕಾದದ್ದು ಸುರಂಗದ ಆಚೆಗಿನ ಇಳಿಜಾರಿನ ಬಗ್ಗೆ.

ಮೊದಲು ತೂಕ

ಸಿದ್ಧತೆ ಆರಂಭವಾಗಬೇಕಾದದ್ದು ವೇಬ್ರಿಡ್ಜಿನ ಮೇಲೆ. ಟ್ರಕ್ಕಿನ ಚಾಲಕನ ಬದಿಯ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಜನ, ಸಾಮಾನು ಎಲ್ಲ ಸೇರಿ ಗಾಡಿ ಎಷ್ಟು ಭಾರವಿರಬಹುದು, ಒಂದೊಂದು ಆಕ್ಸಲ್ ಎಷ್ಟು ಹೊರಬಲ್ಲದು ಎಂಬುದು ಅದರಲ್ಲಿದೆ. ಎಳೆಯುವ ಮಿತಿಯನ್ನು ಗಾಡಿಯ ಕೈಪಿಡಿ ತಿಳಿಸುತ್ತದೆ. ಖಾಲಿ ಕ್ಯಾಂಪರಿನ ತೂಕ ನೋಡಿ ನೆಮ್ಮದಿಪಡುವವರು ನೀರನ್ನು ಮರೆಯುತ್ತಾರೆ. ತೊಟ್ಟಿಗೆ 150 ಲೀಟರ್ ನೀರು ತುಂಬಿದರೆ 150 ಕಿಲೊ ಏರಿತು! ಪಾತ್ರೆ, ಬಟ್ಟೆ, ಮಕ್ಕಳ ಸೈಕಲ್ಲುಗಳ ಭಾರ ಬೇರೆ.

ಒಟ್ಟು ತೂಕದಷ್ಟೇ ಅದರ ಹಂಚಿಕೆಯೂ ಮುಖ್ಯ. ಕ್ಯಾಂಪರಿನ ಭಾರದಲ್ಲಿ ಶೇಕಡ 10ರಿಂದ 15ರಷ್ಟು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗ ಹೆಚ್ಚಿದಾಗ ಕ್ಯಾಂಪರ್ ಹಾವಿನಂತೆ ಅತ್ತಿತ್ತ ಹೊರಳತೊಡಗುತ್ತದೆ. ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ.

ಟೈರಿನ ಗೀರುಗಳು ಆಳವಾಗಿದ್ದರೆ ಸಾಲದು, ಅದರ ವಯಸ್ಸನ್ನೂ ನೋಡಬೇಕು. ವರ್ಷದ ಬಹುಪಾಲು ಬಿಸಿಲಿನಲ್ಲಿ ನಿಂತಿರುವ ಕ್ಯಾಂಪರಿನ ಟೈರು ಸವೆಯುವ ಮೊದಲೇ ಬಿರಿಯುತ್ತದೆ. ಟೈರಿನ ಬದಿಯಲ್ಲಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು.

ಕುಕ್ಕರಿನ ಪಾಠ

ಡೆನ್ವರ್ ಬಿಟ್ಟೊಡನೆ ಏರು ಶುರು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಡೆನ್ವರಿನಲ್ಲಿ ಸುಮಾರು 95ಕ್ಕೇ ಕುದಿಯುತ್ತದೆ, ಸುರಂಗದ ಎತ್ತರದಲ್ಲಿ ಸುಮಾರು 89ಕ್ಕೆ. ಎಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾದರೆ ರೇಡಿಯೇಟರಿನ ನೀರು ಕುದಿದು ಹೋಗುವುದಿಲ್ಲವೆ? ಇಲ್ಲ. ನೀರಿಗೆ ಬೆರೆಸಿದ ಗ್ಲೈಕಾಲ್ ಅದರ ಕುದಿಬಿಂದುವನ್ನು ಮೇಲೇರಿಸುತ್ತದೆ. ಒತ್ತಡವನ್ನು ಹಿಡಿದಿಡುವ ಮುಚ್ಚಳ ಅದನ್ನು ಇನ್ನಷ್ಟು ಏರಿಸುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ವವೇ ಇದು. ಕುಕ್ಕರಿನಂತೆ ಇಲ್ಲಿಯೂ ಮುಚ್ಚಳದ ರಬ್ಬರ್ ಬಿರುಕು ಬಿಟ್ಟರೆ ಒತ್ತಡ ನಿಲ್ಲದು. ಆದ್ದರಿಂದ ಹೊರಡುವ ಮುನ್ನ ಕೂಲೆಂಟ್ ಬದಲಿಸುವುದರ ಜತೆಗೆ ಹಳೆಯ ಹೋಸುಗಳನ್ನೂ ಈ ಅಗ್ಗದ ಮುಚ್ಚಳವನ್ನೂ ಬದಲಿಸುವುದು ಜಾಣತನ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ಇದೇ ಸಂಕಟ. ಭಾರ ಎಳೆಯುವಾಗ ಅದರೊಳಗಿನ ಎಣ್ಣೆ ಕಡೆದು ಕಡೆದು ಕಾಯುತ್ತದೆ. ಕಾದ ಎಣ್ಣೆ ಬೇಗ ಕೆಡುತ್ತದೆ, ಅದರೊಂದಿಗೆ ಗೇರ್‌ಬಾಕ್ಸೂ ಕೆಡುತ್ತದೆ. ರೇಡಿಯೇಟರಿನ ಮುಂದೆ ಎಣ್ಣೆಗೆಂದೇ ಪ್ರತ್ಯೇಕ ಕೂಲರ್ ಕೂರಿಸಿದರೆ ಹಳೆಯ ಗೇರ್‌ಬಾಕ್ಸಿನ ಆಯುಸ್ಸು ಹೆಚ್ಚುತ್ತದೆ.

ರೈಲಿನವರ ಉಪಾಯ

ದಾರಿಯಲ್ಲಿ ಐಡಾಹೊ ಸ್ಪ್ರಿಂಗ್ಸ್ ಎಂಬ ಊರು ಸಿಗುತ್ತದೆ. 1859ರಲ್ಲಿ ಇಲ್ಲಿ ಚಿನ್ನ ಕಂಡು ಜನ ಮುಗಿಬಿದ್ದರು. ಮುಂದಿನದು ಬೆಳ್ಳಿ ಗಣಿಗಳ ಜಾರ್ಜ್‌ಟೌನ್. ಅಲ್ಲಿಂದ ಸಿಲ್ವರ್ ಪ್ಲೂಮ್ ಎಂಬ ಊರಿಗೆ ಎರಡೇ ಮೈಲಿ. ಆದರೆ ಅಷ್ಟರಲ್ಲೇ 600 ಅಡಿಗೂ ಹೆಚ್ಚು ಏರಬೇಕು. ಉಗಿಬಂಡಿಗೆ ಅಂಥ ಕಡಿದು ಸಾಧ್ಯವಿರಲಿಲ್ಲ. 1884ರಲ್ಲಿ ಎಂಜಿನಿಯರುಗಳು ಹಳಿಯನ್ನು ಸುತ್ತಿಸಿ, ಅದರ ಮೇಲೆಯೇ ಅದನ್ನು ಸೇತುವೆಯಿಂದ ದಾಟಿಸಿ, ಎರಡು ಮೈಲಿಯನ್ನು ಸುಮಾರು ನಾಲ್ಕೂವರೆ ಮೈಲಿ ಮಾಡಿದರು. ದೂರ ಹೆಚ್ಚಿತು, ಕಡಿದು ಇಳಿಯಿತು. 1939ರಲ್ಲಿ ಕಳಚಿದ ಆ ಎತ್ತರದ ಸೇತುವೆಯನ್ನು 1984ರಲ್ಲಿ ಮತ್ತೆ ಕಟ್ಟಲಾಗಿದೆ. ಪ್ರವಾಸಿಗಳನ್ನು ಹೊತ್ತ ರೈಲು ಈಗಲೂ ಅಲ್ಲಿ ಸುತ್ತುತ್ತದೆ.

ಹೆದ್ದಾರಿಗೆ ಅಂಥ ಸುತ್ತು ಇಲ್ಲ. ಅದು ನೇರವಾಗಿ ಏರುತ್ತದೆ. ಗಾಳಿ ತೆಳುವಾದಂತೆ ಎಂಜಿನ್ನಿಗೆ ಸಿಗುವ ಆಮ್ಲಜನಕವೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗ ತಲುಪುವ ಹೊತ್ತಿಗೆ ಮೂರನೇ ಒಂದು ಪಾಲು ಹೋಗಿರುತ್ತದೆ. ಅನುಭವಿಗಳು ಇದಕ್ಕೆ ಗಾಬರಿಯಾಗುವುದಿಲ್ಲ. ಬಲಬದಿಯ ಸಾಲಿನಲ್ಲಿ ಕೆಳಗಿನ ಗೇರಿನಲ್ಲಿ, ಲಾರಿಗಳ ಹಿಂದೆ ನಿಧಾನವಾಗಿ ಹತ್ತುತ್ತಾರೆ. ತಡವಾಗುವುದರಿಂದ ಯಾರಿಗೂ ಅಪಾಯವಿಲ್ಲ.

ನೂರು ಲೀಟರ್ ನೀರು ಕುದಿಸುವ ಶಾಖ

1973ರಲ್ಲಿ ತೆರೆದ ಈ ಸುರಂಗದ ಉದ್ದ ಸುಮಾರು 2.7 ಕಿಲೊಮೀಟರ್. ಪೂರ್ವಕ್ಕೆ ಬರುವ ವಾಹನಗಳಿಗಾಗಿ ಎರಡನೆಯ ಕೊಳವೆ 1979ರಲ್ಲಿ ತೆರೆಯಿತು. ಅದರ ಮೇಲಿನ ಬೆಟ್ಟದ ಸಾಲು ಖಂಡದ ನೀರನ್ನೇ ಎರಡಾಗಿ ಹಂಚುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಮಿಸಿಸಿಪಿಯ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ಕೊಲರಾಡೊ ನದಿಗೆ.

ಸುರಂಗದಿಂದ ಹೊರಬಂದರೆ ಸಿಲ್ವರ್‌ಥಾರ್ನ್‌ವರೆಗೆ ಸುಮಾರು 13 ಕಿಲೊಮೀಟರ್ ಇಳಿಜಾರು. ಅಷ್ಟರಲ್ಲಿ ಗಾಡಿ ಸುಮಾರು 700 ಮೀಟರ್ ಕೆಳಗಿಳಿಯುತ್ತದೆ. ಟ್ರಕ್ಕು, ಕ್ಯಾಂಪರ್ ಸೇರಿ 5,000 ಕಿಲೊ ಎಂದುಕೊಳ್ಳೋಣ. ಶಾಲೆಯಲ್ಲಿ ಕಲಿತಂತೆ ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 3 ಕೋಟಿ 40 ಲಕ್ಷ ಜೌಲ್. ಸುಮಾರು ನೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಶಾಖವಿದು! ಒಂದು ಪಾಲನ್ನು ಎದುರುಗಾಳಿ ಮತ್ತು ಟೈರುಗಳ ಘರ್ಷಣೆ ನುಂಗುತ್ತವೆ. ಉಳಿದದ್ದು ಎಂಜಿನ್ನಿನಲ್ಲಿ, ಇಲ್ಲವೆ ಬ್ರೇಕುಗಳಲ್ಲಿ ಕರಗಬೇಕು.

ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಲೈನಿಂಗ್ ಕಾದು ಹಿಡಿತ ತಪ್ಪುತ್ತದೆ. ಹಳೆಯ ಗಾಡಿಗೆ ಇನ್ನೊಂದು ಅಪಾಯವಿದೆ. ಬ್ರೇಕ್ ಆಯಿಲ್ ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿ ಕುಗ್ಗುತ್ತದೆಯೇ ಹೊರತು ಒತ್ತಡವನ್ನು ದಾಟಿಸುವುದಿಲ್ಲ. ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲದು.

ಆದ್ದರಿಂದ ಹೊರಡುವ ಮೊದಲೇ ಬ್ರೇಕ್ ಆಯಿಲ್ ಬದಲಾಗಬೇಕು. ಕ್ಯಾಂಪರಿನ ವಿದ್ಯುತ್ ಬ್ರೇಕುಗಳು ತಮ್ಮ ಪಾಲಿನ ಕೆಲಸ ಮಾಡುತ್ತಿವೆಯೇ ಎಂದು ಖಾಲಿ ಮೈದಾನದಲ್ಲಿ ನೋಡಬೇಕು. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ತಂತಿಯನ್ನೂ, ಅದಕ್ಕೆ ಶಕ್ತಿ ಕೊಡುವ ಬ್ಯಾಟರಿಯನ್ನೂ ಪರೀಕ್ಷಿಸಬೇಕು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ವೇಗ ಹೆಚ್ಚಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಡಬೇಕು.

ಈ ಇಳಿಜಾರಿನ ಪಕ್ಕದಲ್ಲಿ ಎರಡು ಕಡೆ ಸಡಿಲ ಜಲ್ಲಿ ತುಂಬಿದ ಏರುದಾರಿಗಳಿವೆ. ಬ್ರೇಕ್ ಕೈಕೊಟ್ಟ ಲಾರಿಗಳು ಅಲ್ಲಿಗೆ ನುಗ್ಗಿ ಹೂತು ನಿಲ್ಲುತ್ತವೆ. ಅವುಗಳ ಪಕ್ಕದಲ್ಲೇ ಹಳೆಯ ಟ್ರಕ್ಕುಗಳು ಸಾವಧಾನದಿಂದ ಇಳಿದು ಡಿಲನ್ ಸರೋವರದ ದಡ ಸೇರುತ್ತವೆ. ಮಕ್ಕಳು ನೀರಿನ ಕಡೆ ಓಡಿದರೆ, ತಂದೆ ಒಂದೊಂದೇ ಚಕ್ರದ ಬಳಿ ಅಂಗೈ ಹಿಡಿದು ಬಿಸಿ ನೋಡುತ್ತಾನೆ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಬೇರಿಂಗಿಗೋ ಬ್ರೇಕಿಗೋ ತೊಂದರೆಯಿದೆ ಎಂದರ್ಥ. ಅಂಥ ದಿನ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ಮಲಗಲು ಮನೆ ಹಿಂದೆಯೇ ಇದೆಯಲ್ಲ!