ಮಂದಿರ ಪರೇಡಿನ ಹಾಡುಗಳು

ಭಕ್ತಿಗೂ ಹಾಜರಿ ಇರುತ್ತದೆ ಎಂಬುದು ಫೌಜಿಗೆ ಸೇರುವ ತನಕ ನಮಗೆ ಗೊತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬೆಂಗಳೂರಿನ ಹಲಸೂರು ಕೆರೆ ಪಕ್ಕದ, ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೆಂಟರಿಗೆ ಹೋಗಿ ಬಿದ್ದ ಹುಡುಗರು ನಾವು. 1980ರ ನರಗುಂದದ ರೈತ ಬಂಡಾಯದ ಮಾತು ಊರಲ್ಲಿ ಇನ್ನೂ ಬಿಸಿಯಾಗಿತ್ತು. ಮಲಪ್ರಭೆಯ ನೀರಿನ ಕರಕ್ಕಾಗಿ ಅಪ್ಪಂದಿರು ಸರಕಾರವನ್ನು ಬೈಯುತ್ತಿದ್ದರೆ, ಮಕ್ಕಳು ಅದೇ ಸರಕಾರದ ಬಂದೂಕು ಹಿಡಿಯಲು ಹೊಳೆಆಲೂರಿನಲ್ಲಿ ರೈಲು ಹತ್ತಿದ್ದರು. "ಮಳಿ ನಂಬೂದಕಿಂತ ಪಗಾರ ನಂಬೂದು ಚಲೋ" ಎಂದು ಅವ್ವ ಬುತ್ತಿ ಕಟ್ಟಿಕೊಟ್ಟಿದ್ದಳು.

ರವಿವಾರ ಮಂದಿರ ಪರೇಡ್. ಬೂಟು ಬಾಗಿಲಲ್ಲಿ ಸಾಲಾಗಿ ಬಿಟ್ಟು, ಒಳಗೆ ಸಾಲಾಗಿ ಕೂತು, ಚಪ್ಪಾಳೆಯನ್ನೂ ಒಂದೇ ತಾಳಕ್ಕೆ ತಟ್ಟಬೇಕು. ಪೂಜೆ ಮಾಡುವ ಪಂಡಿತ್‌ಜೀ ಕೂಡ ನಾಯಬ್ ಸುಬೇದಾರ್ ಹುದ್ದೆಯವರು. ಸೈನ್ಯದ ದಾಖಲೆಯಲ್ಲಿ ಅವರು ಧರ್ಮಗುರು. ಹಾಗೆಯೇ ಮೌಲ್ವಿ, ಪಾದ್ರಿ, ಗ್ರಂಥಿಗಳೂ ಇದ್ದಾರೆ. ಪ್ರವಚನ ಹಿಂದಿಯಲ್ಲಿ. ಅರ್ಥವಾಗದೆ ತೂಕಡಿಸಿದವರ ಬೆನ್ನಿಗೆ ಹವಾಲ್ದಾರನ ಬೆರಳು ಚುಚ್ಚುತ್ತಿತ್ತು. ಪ್ರಮಾಣವಚನದ ಕಸಮ್ ಪರೇಡಿನ ದಿನ ಎದುರಿಗೆ ಭಗವದ್ಗೀತೆ ಬಂದಾಗ ನರಗುಂದದವ ಒಂದು ಕೈ ಅದರ ಮೇಲಿಟ್ಟ. ಮನಸ್ಸು ಮಾತ್ರ ಬನಿಯನ್ನಿನ ಒಳಗಿನ ಲಿಂಗದ ಮೇಲಿತ್ತಂತೆ. "ಎರಡೂ ಕಡೆ ಸಾಕ್ಷಿ ಇರಲಿ ಬಿಡು" ಎಂದಿದ್ದ ರಾತ್ರಿ.

ನಮ್ಮ ನಿಜವಾದ ಪೂಜೆ ನಡೆಯುತ್ತಿದ್ದದ್ದು ಬ್ಯಾರಕ್ಕಿನಲ್ಲಿ. ಹೆಸರು, ನಂಬರು ಬರೆದ ಕರೀ ಟ್ರಂಕಿನ ತಳದಲ್ಲಿ ಎಲ್ಲರದೂ ಒಂದೊಂದು ಪದದ ಪುಸ್ತಕ. ಹೆಚ್ಚಿನವು ಗದಗಿನ ಶಾಬಾದಿಮಠ ಬುಕ್ ಡಿಪೋದವು. ಶಿಶುನಾಳ ಶರೀಫಜ್ಜನ ತತ್ವಪದ, ನಿಜಗುಣರ ಕೈವಲ್ಯ ಪದ್ಧತಿ, ಸರ್ಪಭೂಷಣರ ಕೈವಲ್ಯ ಕಲ್ಪವಲ್ಲರಿ. ಗಜೇಂದ್ರಗಡದವನ ಪುಸ್ತಕದ ನಡುವೆ ಇಟಗಿ ಭೀಮವ್ವನ ಪಟ, ಅದರ ಹಿಂದೆ ವಿಭೂತಿಯ ಪುಡಿ. ಪೇಟಿ ಇಲ್ಲ, ದಮ್ಮಡಿ ಇಲ್ಲ. ಮಗ್ಗಿನ ಮೇಲೆ ಚಮಚ ಬಡಿದರೆ ತಾಳ, ಟ್ರಂಕಿನ ಮುಚ್ಚಳ ಬಡಿದರೆ ತಬಲಾ. ಊರಲ್ಲಿ ಶ್ರಾವಣದ ಭಜನೆಗೆ ಕರೆದರೆ ಹೊಲದ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರೇ ಅಲ್ಲಿ ಪದ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಿದ್ದರು. ಸರ್ಪಭೂಷಣರ ಮಠ ಬೆಂಗಳೂರಿನಲ್ಲೇ ಇದೆ ಎಂದು ತಿಳಿದ ದಿನವಂತೂ ಸಿನಿಮಾಕ್ಕೆಂದು ಪಡೆದ ಔಟ್‌ಪಾಸ್ ಮಠಕ್ಕೆ ಖರ್ಚಾಯಿತು. ನಮ್ಮೂರ ಗುಡಿಯ ಕಟ್ಟೆ ಮೇಲೆ ಹುಟ್ಟಿದ ಪದಗಳು ಅಂದುಕೊಂಡಿದ್ದೆವು, ಬರೆದವರು ಪೇಟೆಯವರು!

ಸ್ಯಾಪರ್ಸ್ ಎಂದರೆ ದಕ್ಷಿಣದ ನಾಲ್ಕೂ ಭಾಷೆಯವರು. ತಮಿಳಿನವರು ಮುರುಗನನ್ನು, ಕೇರಳದವರು ಅಯ್ಯಪ್ಪನನ್ನು ಕರೆಯುತ್ತಿದ್ದರು. ಗುಂಟೂರಿನವರು, ಕೊಟ್ಟಾಯಂನವರು ಪ್ರಾರ್ಥನೆಗೆ ಹೋಗುವಾಗ ಕಂಕುಳಲ್ಲಿ ದಪ್ಪ ಗೀತೆಪುಸ್ತಕ. ಅದರಲ್ಲಿ ಹಾಡಿಗೆ ನಂಬರು ಇರುತ್ತಿತ್ತು. ಪಾದ್ರಿ ನಂಬರು ಹೇಳಿದರೆ ಎಲ್ಲರೂ ಅದೇ ಪುಟ ತೆಗೆಯುವುದು ನಮಗೆ ಭಾರಿ ಶಿಸ್ತಾಗಿ ಕಂಡಿತು. ನರಗುಂದದವ ತನ್ನ ತತ್ವಪದಗಳಿಗೂ ಪೆನ್ಸಿಲ್ಲಿನಿಂದ ನಂಬರು ಹಾಕಿದ. ಅಂದಿನಿಂದ "ಹನ್ನೆರಡು ಹೊಡೀಲೇ" ಎಂದರೆ ಸಾಕು, ಶರೀಫಜ್ಜ ಶುರು. ಕೊಟ್ಟಾಯಂನವನ ಕ್ರಿಸ್‌ಮಸ್ ಹಾಡನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ, ನಮ್ಮ ಪದವನ್ನು ಅವನು ಮಲಯಾಳಂ ಅಕ್ಷರದಲ್ಲಿ. ಡಿಸೆಂಬರಿನಲ್ಲಿ ಅವರ ಜೊತೆ ನಾವೂ ಹಾಡಿಕೊಂಡು ಬ್ಯಾರಕ್ ಸುತ್ತಿದರೆ, ಮಹಾನವಮಿಗೆ ಬಂದೂಕು, ಗುದ್ದಲಿ, ಡೋಜರುಗಳಿಗೆಲ್ಲ ಕುಂಕುಮ ಹಚ್ಚುವಾಗ ಅವರು ನಿಂಬೆಹಣ್ಣು ಕೊಯ್ಯುತ್ತಿದ್ದರು.

ಸಾಹೇಬರ ಧರ್ಮ ಯಾವುದೇ ಇರಲಿ, ಜವಾನರ ದೇವರ ಮುಂದೆ ಮೊದಲ ಸಾಲಿನಲ್ಲಿ ಕೂರುವುದು ಸೈನ್ಯದ ರೂಢಿ. ಇದು ಯಾವ ಭಾಷಣಕ್ಕಿಂತ ದೊಡ್ಡದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ರಾಜಸ್ಥಾನಕ್ಕೆ ಹೋದವರು ತನೋಟ್ ಮಾತೆಯ ಗುಡಿಗೆ ಕೈಮುಗಿದು ಬಂದರು. 1965ರ ಯುದ್ಧದಲ್ಲಿ ಅಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬುಗಳನ್ನು ಗುಡಿಯಲ್ಲೇ ಇಟ್ಟಿದ್ದಾರೆ. ಪೂಜೆ ನೋಡಿಕೊಳ್ಳುವವರು ಗಡಿ ಭದ್ರತಾ ಪಡೆಯವರು. ಗಜೇಂದ್ರಗಡದವ ಸಿಯಾಚಿನ್ ಹತ್ತಿದ. ಹತ್ತುವ ಮುನ್ನ, ಸೈನಿಕರು ತಮ್ಮನ್ನು ಕಾಯುವವನೆಂದು ನಂಬುವ ಓ.ಪಿ. ಬಾಬಾನ ಗುಡಿಯಲ್ಲಿ ವರದಿ ಒಪ್ಪಿಸಬೇಕು, ಇಳಿದ ಮೇಲೂ ಅಲ್ಲೇ. ಅವನ ಪತ್ರದಲ್ಲಿ ಶೌರ್ಯದ ಸುದ್ದಿ ಒಂದೂ ಇರಲಿಲ್ಲ: "ಇಲ್ಲಿ ಒಂದು ನುಡಿ ಹಾಡೂದರಾಗ ಉಸರು ಮುಗೀತದ. ಕಾಲಕಾಲೇಶ್ವರನ ಗುಡ್ಡದಾಗ ಅಂತರಗಂಗಿ ಹನಿ ಬೀಳತಿತ್ತಲಾ, ಇಲ್ಲಿ ಅದೂ ಗಡ್ಡಿ ಕಟ್ಟತದ."

ಒಟ್ಟಿಗಿದ್ದಾಗ ಕೊಟ್ಟಾಯಂನವನಿಗೆ ಜನವರಿ 29ರ ಸಂಜೆ ಹಬ್ಬವಿದ್ದಂತೆ. ದಿಲ್ಲಿಯ ವಿಜಯ ಚೌಕದ ಬೀಟಿಂಗ್ ರಿಟ್ರೀಟಿನಲ್ಲಿ ಬ್ಯಾಂಡಿನವರು 'ಅಬೈಡ್ ವಿತ್ ಮಿ' ನುಡಿಸುತ್ತಿದ್ದರು. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲಿಕನ್ ಪಾದ್ರಿ 1847ರಲ್ಲಿ ಬರೆದ ಪ್ರಾರ್ಥನೆ ಅದು, ಗಾಂಧೀಜಿಗೆ ಪ್ರಿಯವಾದದ್ದು. ಟಿವಿ ಮುಂದೆ ಅವನು ಸಣ್ಣಗೆ ದನಿಗೂಡಿಸಿದರೆ ನಾವು ಮಾತು ನಿಲ್ಲಿಸುತ್ತಿದ್ದೆವು. 2022ರಲ್ಲಿ ಅದನ್ನು ಕೈಬಿಟ್ಟು 'ಏ ಮೇರೇ ವತನ್ ಕೇ ಲೋಗೋಂ' ಸೇರಿಸಿದರು. ಆ ಹಾಡು ಕೇಳಿದರೆ ನನ್ನ ಕಣ್ಣೂ ತುಂಬುತ್ತದೆ, ಅದರ ಮಾತು ಬೇರೆ. ಆದರೂ ಆ ಸಂಜೆ ಅವನಿಗೆ ಫೋನ್ ಮಾಡಿದೆ. "ನಮ್ಮ ಚರ್ಚಿನಲ್ಲಿ ಅದರ ನಂಬರು ಹಾಗೇ ಇದೆ, ಬಾ" ಎಂದು ನಕ್ಕ.

ಈಗ ಪಿಂಚಣಿಯ ದಿನ ರೋಣದಲ್ಲಿ ಸೇರುತ್ತೇವೆ. ಮೊಣಕಾಲು, ಬಿಪಿ, ಕ್ಯಾಂಟೀನ್ ಕಾರ್ಡಿನ ಮಾತಾದ ಮೇಲೆ ಯಾರೋ ಒಬ್ಬರು ನಂಬರು ಕೂಗುತ್ತಾರೆ. ಹೋದ ಶ್ರಾವಣದ ಭಜನೆಯಲ್ಲಿ ಮಂಗಳಾರತಿಯ ಹೊತ್ತಿಗೆ ನಾವು ಫೌಜಿಗಳಷ್ಟೇ ರೂಢಿಯ ಮೇಲೆ ಎದ್ದು ಸಾಲಾಗಿ ನಿಂತು, ಹಿಂದಿಯಲ್ಲಿ ಜಗದೀಶನ ಆರತಿ ಎತ್ತಿಕೊಂಡೆವು. ಪೇಟಿ ಬಾರಿಸುತ್ತಿದ್ದ ಹಿರಿಯರು ಕೈ ನಿಲ್ಲಿಸಿ, "ಏನಪಾ, ಇದು ಯಾವೂರ ದೇವರದು?" ಎಂದರು.

"ಹಲಸೂರಿಂದು, ಅಜ್ಜಾ" ಎಂದ ನರಗುಂದದವ.

"ಹಂಗಾದರ ಶ್ರುತಿ ಹೇಳ್ರಿ, ನಾನೂ ಬಾರಸ್ತೀನಿ" ಎಂದರು ಅಜ್ಜ.