ಕಾರಿಗೊಂದು ಕವಚ

ಹೊಸ ಕಾರಿನ ಬಣ್ಣಕ್ಕೆ ‘ಸೆರಾಮಿಕ್ ಕೋಟಿಂಗ್’ ಎಂಬ ಕವಚ ತೊಡಿಸಿರೆಂದು ಅಂಗಡಿಯವನು ಗಂಟುಬಿದ್ದ. ಬೆಲೆ 32,000 ರೂಪಾಯಿ. ನೀರು ನಿಲ್ಲದೆ ಜಾರುತ್ತದಂತೆ. ಕಲ್ಲು ಸಿಡಿದರೆ? ಎಂದೆ. “ಅದಕ್ಕೆ ಬೇರೆ ಫಿಲ್ಮ್ ಇದೆ ಸಾರ್, ಬೆಲೆಯೂ ಬೇರೆ.” ಇದಾದರೋ ಕೆಲವೇ ಮೈಕ್ರಾನ್ ದಪ್ಪದ ಪದರ, ನನ್ನ ತಲೆಯಲ್ಲಿ ಅಳಿದುಳಿದ ಕೂದಲೊಂದು ಸುಮಾರು 70 ಮೈಕ್ರಾನ್ ಆದರೂ ಇದ್ದೀತು!

ಆದರೆ ಬಸವನಗುಡಿಯ ನಮ್ಮ ಮನೆಗೆ ಶೆಡ್ಡಿಲ್ಲ. ಕಾರು ನಿಲ್ಲುವುದು ಹೊಂಗೆಮರದಡಿ, ಕಾಗೆಗಳ ಸಂಸಾರದ ಕೆಳಗೆ. ಹಿಕ್ಕೆ ಬಿಸಿಲಿಗೆ ಒಣಗಿತೆಂದರೆ ಬಣ್ಣವನ್ನೇ ತಿನ್ನುತ್ತದೆ. ಹೂಂ ಅನ್ನುವುದರಲ್ಲಿದ್ದೆ.

“ಗೋಡೆ ಸುಣ್ಣ ಕಂಡು ಒಂಬತ್ತು ವರ್ಷವಾಯಿತು. ಅತ್ತೆಯವರ ಕೋಣೆ ಸೋರುತ್ತಿದೆ,” ಎಂದಳು ನನ್ನಾಕೆ, ಮತ್ತೇನೂ ಹೇಳಲಿಲ್ಲ.

ತಾರಸಿ ರಿಪೇರಿಯವನು ಸೋಮವಾರ ಬರುತ್ತಾನೆ. ಹಿಕ್ಕೆಯನ್ನು ಬೆಳಗ್ಗೆ ನಾನೇ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯುತ್ತೇನೆ, ಉಜ್ಜದೆ.